ಗೇರ್ ಲಾಕ್: ದುಡ್ಡು ಕೊಡುವ ಮುಂಚೆ ಬೋಲ್ಟ್ ನೋಡಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿಗೆ ಲಾಕ್ ಬೇಕೆಂದರೆ ಅಂಗಡಿಯವರು ಮೊದಲು ತೋರಿಸುವುದು ಸ್ಟೇರಿಂಗಿಗೆ ಸಿಕ್ಕಿಸುವ ಬಣ್ಣದ ರಾಡು. ನೋಡಲು ಭರ್ಜರಿ. ಆದರೆ ರಾಡು ಎಷ್ಟೇ ಗಟ್ಟಿಯಿದ್ದರೂ ಅದು ಹಿಡಿದುಕೊಂಡಿರುವ ಸ್ಟೇರಿಂಗ್ ರಿಮ್ ಗಟ್ಟಿಯಲ್ಲ. ರಿಮ್ ಕೊಯ್ದರೆ ರಾಡು ಕಳಚಿಕೊಳ್ಳುತ್ತದೆ. ಹೊರಗಿನಿಂದ ಕಾಣುತ್ತದೆ, ಕಳ್ಳ ಪಕ್ಕದ ಕಾರಿಗೆ ಹೋಗಬಹುದು, ಅಷ್ಟೇ ಅದರ ಲಾಭ. ಮ್ಯಾನ್ಯುಯಲ್ ಕಾರಿಗೆ, ಗೇರ್ ಲಿವರ್ ಕದಲದಂತೆ ಕೀಲಿ ಹಾಕಿ ಹಿಡಿದಿಡುವ ಗೇರ್ ಲಾಕೇ ಮೇಲು, ಸರಿಯಾಗಿ ಕೂರಿಸಿದ್ದರೆ.

ಗೇರ್ ಲಾಕಿನ ಬ್ರ್ಯಾಕೆಟ್ ಲಿವರ್ ಸುತ್ತಲಿನ ಕನ್ಸೋಲಿನ ಪ್ಲಾಸ್ಟಿಕ್ಕಿಗಲ್ಲ, ಕೆಳಗಿನ ಲೋಹಕ್ಕೆ ಕೂರಬೇಕು. ಆದ್ದರಿಂದ ನಿಮ್ಮ ಕಾರಿನ ಮಾಡೆಲ್ಲಿಗೇ ಮಾಡಿದ್ದನ್ನು ಕೇಳಿ. ‘ಎಲ್ಲಾ ಗಾಡಿಗೂ ಆಗುತ್ತೆ’ ಎನ್ನುವ ಮಾಲಿಗೆ ವಾಷರ್ ಮೇಲೆ ವಾಷರ್ ಹಾಕಿ ಹೊಂದಿಸುತ್ತಾರೆ. ತಿಂಗಳೊಳಗೆ ಕಟಕಟ ಶಬ್ದ ಶುರು. ಬೋಲ್ಟು ಶಿಯರ್ ಬೋಲ್ಟ್ ಆಗಿರಬೇಕು: ಬಿಗಿ ಮಾಡುತ್ತಿದ್ದಂತೆ ತಲೆ ಮುರಿದು ನುಣ್ಣನೆಯ ಮೊಂಡು ಉಳಿಯುತ್ತದೆ, ಸ್ಪ್ಯಾನರ್ ಹಿಡಿಯಲು ಏನೂ ಸಿಗುವುದಿಲ್ಲ. ಕೆಲವು ಫಿಟ್ಟರುಗಳು ಮುಂದೆ ಬಿಚ್ಚಲು ಸುಲಭವೆಂದು ಸಾಮಾನ್ಯ ಬೋಲ್ಟ್ ಹಾಕುತ್ತಾರೆ. ಅವರಿಗೆ ಸುಲಭವಾದದ್ದು ಕಳ್ಳನಿಗೂ ಸುಲಭ. ಕನ್ಸೋಲ್ ಮುಚ್ಚುವ ಮೊದಲೇ ಮೊಬೈಲ್ ಟಾರ್ಚ್ ಹಾಕಿ ನೋಡಿ.

ಮುಚ್ಚಿದ ಮೇಲೆ ಎಲ್ಲಾ ಗೇರ್ ಹಾಕಿ ನೋಡಿ, ಎಲ್ಲೂ ತಾಗಬಾರದು. ಆಮೇಲೆ ರಿವರ್ಸ್ ಗೇರಿನಲ್ಲಿ ಲಾಕ್ ಮಾಡಿ ಲಿವರ್ ಜಗ್ಗಿ. ಸ್ವಲ್ಪ ಅಲುಗಾಡಿದರೆ ಪರವಾಗಿಲ್ಲ, ನ್ಯೂಟ್ರಲ್ಲಿಗೆ ಬಂದರೆ ವಾಪಸ್ ಕೊಡಿ. ಕೀಲಿಯ ನಂಬರ್ ಇರುವ ಚೀಟಿ ಮನೆಯಲ್ಲಿರಲಿ. ಎಲ್ಲಾ ಕೀಲಿ ಕಳೆದು ಚೀಟಿಯೂ ಇಲ್ಲದಿದ್ದರೆ ಲಾಕನ್ನು ಡ್ರಿಲ್ ಮಾಡಿಸುವುದೇ ದಾರಿ. ಕೀಲಿ ಬಿಗಿಯಾಯಿತೆಂದು ಎಣ್ಣೆ ಬಿಡಬೇಡಿ, ಧೂಳು ಅಂಟಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಗ್ರಾಫೈಟ್ ಪುಡಿ ಸಾಕು.

ಇದರದ್ದೂ ತೊಂದರೆಗಳಿವೆ. ರಿವರ್ಸಿನಲ್ಲಿ ಲಾಕ್ ಹಾಕಿದ್ದು ಮರೆತು, ಕ್ಲಚ್ ಒತ್ತದೆ ಸ್ಟಾರ್ಟ್ ಮಾಡಿದರೆ ಹಳೆಯ ಕಾರುಗಳು ಹಿಂದಕ್ಕೆ ಜಿಗಿಯುತ್ತವೆ. ಒಂದರ ಹಿಂದೆ ಒಂದು ನಿಲ್ಲಿಸಿ, ನ್ಯೂಟ್ರಲ್ಲಿನಲ್ಲಿ ಬಿಟ್ಟು ತಳ್ಳಿಕೊಳ್ಳುವ ಅಪಾರ್ಟ್‌ಮೆಂಟ್ ಪಾರ್ಕಿಂಗಿಗೆ ಇದು ಒಗ್ಗುವುದೇ ಇಲ್ಲ, ಅಕ್ಕಪಕ್ಕದವರ ಜೊತೆ ಜಗಳ ಖಚಿತ. ಲಿವರ್ ಬದಲು ತಿರುಗಿಸುವ ಗುಂಡಿಯಿರುವ ಆಟೊಮ್ಯಾಟಿಕ್ ಕಾರಿಗೆ ಕೂರುವುದೂ ಇಲ್ಲ.

ಕೀಲಿ ಜೇಬಿನಲ್ಲಿದ್ದರೆ ಬಾಗಿಲು ತೆರೆಯುವ ಕಾರುಗಳಿಗೆ ಬೇರೆ ಭಯ. ಮನೆಯೊಳಗಿನ ಕೀಲಿಯ ಸಿಗ್ನಲ್ಲನ್ನು ಹೊರಗಿನ ಕಾರಿನವರೆಗೆ ದಾಟಿಸಿ ಕದಿಯುತ್ತಾರೆ. ಇದಕ್ಕೆ ಸಿಗ್ನಲ್ ತಡೆಯುವ ಪೌಚು ಅಗ್ಗದ ಉಪಾಯ. ಅಸಲಿಯೋ ಅಲ್ಲವೋ ತಿಳಿಯಲು ಕೀಲಿ ಒಳಗಿಟ್ಟು, ಬಾಯಿ ಮುಚ್ಚಿ, ಬಾಗಿಲ ಹಿಡಿ ಮುಟ್ಟಿ. ತೆರೆದರೆ ಅದು ಬರೀ ಚೀಲ. ಒಳಗಿನ ಪದರ ಮಡಿಕೆಯಲ್ಲಿ ಸವೆಯುತ್ತದೆ, ಆಗಾಗ ಪರೀಕ್ಷೆ ಬೇಕು. ಎರಡನೇ ಕೀಲಿಗೂ ಪೌಚು ಬೇಕು, ಇದನ್ನೇ ಎಲ್ಲರೂ ಮರೆಯುವುದು. ಆದರೆ ಕಾರಿನೊಳಗೆ ನುಗ್ಗಿ ಓಬಿಡಿ ಪೋರ್ಟಿನಿಂದ (ಮೆಕ್ಯಾನಿಕ್ ತನ್ನ ಸ್ಕ್ಯಾನರ್ ಜೋಡಿಸುವ ಕಿಂಡಿ) ಹೊಸ ಕೀಲಿ ಜೋಡಿಸುವವನ ಮುಂದೆ ಪೌಚು ವ್ಯರ್ಥ. ಅಲ್ಲಿ ಮತ್ತೆ ಗೇರ್ ಲಾಕೇ ಅಡ್ಡ ನಿಲ್ಲಬೇಕು.

ಜಿಪಿಎಸ್ ಟ್ರ್ಯಾಕರ್ ಕಳವು ತಡೆಯುವುದಿಲ್ಲ, ಕಳುವಾದ ಕಾರನ್ನು ಹುಡುಕಿಕೊಡಬಹುದು. ಓಬಿಡಿ ಪೋರ್ಟಿಗೆ ಚುಚ್ಚುವ ಬಗೆಯನ್ನು ಕಳ್ಳ ಕಿತ್ತು ಎಸೆಯುತ್ತಾನೆ. ಒಳಗೆ ಬ್ಯಾಟರಿಯಿದ್ದು, ಡ್ಯಾಶಿನ ಹಿಂದೆ ಅಡಗಿಸುವಂಥದ್ದು ವಾಸಿ. ಸಿಮ್ ರೀಚಾರ್ಜ್ ಮುಗಿದರೆ ಅದೂ ಸುಮ್ಮನಾಗುತ್ತದೆ. ಕಾರಿನೊಳಗಿನ ಪೆಟ್ರೋಲ್ ಪಂಪಿನ ವೈರ್ ಕತ್ತರಿಸಿ, ದೂರದಿಂದಲೇ ಎಂಜಿನ್ ನಿಲ್ಲಿಸುವ ರಿಲೇ ಹಾಕುತ್ತೇವೆಂದರೆ ಬೇಡವೆನ್ನಿ, ಕಾರಿನ ವಾರಂಟಿಗೆ ತಕರಾರು ಬರುತ್ತದೆ.

ಎಆರ್‌ಎಐ (ವಾಹನ ಪರೀಕ್ಷಾ ಸಂಸ್ಥೆ) ಪ್ರಮಾಣಪತ್ರವಿರುವ ಕಳವು ತಡೆ ಸಾಧನವಾದರೆ ವಿಮೆಯಲ್ಲಿ ಸ್ವಂತ ಹಾನಿಯ (ನಿಮ್ಮ ಕಾರಿಗೇ ಆಗುವ ನಷ್ಟದ) ಪ್ರೀಮಿಯಂ ಮೇಲೆ 2.5% ರಿಯಾಯಿತಿ ಕೇಳಬಹುದು. ಹಳೆಯ ಮೋಟಾರ್ ಟ್ಯಾರಿಫ್ (ವಿಮೆಯ ದರಪಟ್ಟಿ) ಈ ರಿಯಾಯಿತಿಗೆ ಇಟ್ಟ ಮಿತಿ 500 ರೂಪಾಯಿ, ಅದಕ್ಕಾಗಿಯೇ ದುಬಾರಿ ಮಾಲು ಕೊಳ್ಳುವುದು ದಂಡ. ಕಾರು ಕಳುವಾದರೆ ವಿಮಾ ಕಂಪನಿಯವರು ಕಾರಿನ ಎರಡೂ ಕೀಲಿ ಕೇಳುತ್ತಾರೆ.

ಸೀಟಿನ ಮೇಲಿನ ಲ್ಯಾಪ್‌ಟಾಪಿಗೆ ಈ ಯಾವ ಲಾಕೂ ಕಾವಲಲ್ಲ. ಪಕ್ಕದ ಗಾಜು ಕ್ಷಣದಲ್ಲಿ ಪುಡಿ. ಸ್ವಂತ ಹಾನಿಯೂ ಸೇರಿದ ಕಾರು ಪಾಲಿಸಿ ಗಾಜಿಗೆ ದುಡ್ಡು ಕೊಟ್ಟರೂ ಬ್ಯಾಗಿಗೆ ಕೊಡುವುದಿಲ್ಲ, ಅದಕ್ಕೆ ಹೆಚ್ಚಿನ ದುಡ್ಡು ಕಟ್ಟಿ ಬೇರೆ ಆಡ್-ಆನ್ ಸೇರಿಸಬೇಕು. ಬ್ಯಾಗನ್ನು ಡಿಕ್ಕಿಗೆ ಹಾಕುವುದಿದ್ದರೆ ಹೊರಡುವಾಗಲೇ ಹಾಕಿ, ಪಾರ್ಕ್ ಮಾಡಿದ ಜಾಗದಲ್ಲಿ ನಾಲ್ಕು ಜನರೆದುರು ಅಲ್ಲ. ನೆಲದಲ್ಲಿ ನೋಟು ಬಿದ್ದಿದೆ, ಬಾನೆಟ್ಟಿನಿಂದ ಎಣ್ಣೆ ಸೋರುತ್ತಿದೆ ಎಂದು ಯಾರಾದರೂ ಕರೆದರೆ, ಅದು ನಿಮ್ಮ ಗಮನ ತಪ್ಪಿಸಿ ಬ್ಯಾಗ್ ಎತ್ತುವ ಉಪಾಯವಿರಬಹುದು; ಇಳಿಯುವ ಮೊದಲು ನಾಲ್ಕೂ ಬಾಗಿಲು ಲಾಕ್ ಮಾಡಿ, ಬ್ಯಾಗ್ ಹೆಗಲಿಗೇರಿಸಿ.