ಮುಂದೆ ಏನು ಓದೋದು? ಆನ್‌ಲೈನ್, ಅವೆನ್ಯೂ ರಸ್ತೆ, ಗ್ರಂಥಾಲಯ: ಮೂರೂ ಕಡೆ ಕೇಳಿ ನೋಡಿದೆ

ನಮ್ಮ ಮನೆಯಲ್ಲಿ ನಾಲ್ಕು ಜನ, ನಾಲ್ಕು ರುಚಿ. ಅಮ್ಮನಿಗೆ ಸಂಸಾರದ ಕಥೆ ಬೇಕು, ಆದರೆ ಅಳಿಸುವಂಥದ್ದು ಬೇಡ. ಅಪ್ಪ ಪೇಪರ್ ಬಿಟ್ಟರೆ ಇನ್ನೇನೂ ಓದುವವರಲ್ಲ. ರಾಜ್‌ಕುಮಾರ್ ಸಿನಿಮಾ ಬಂದರೆ ಮಾತ್ರ ಟಿವಿ ಮುಂದಿನಿಂದ ಏಳುವುದಿಲ್ಲ. ಒಂಬತ್ತನೇ ಕ್ಲಾಸಿನ ಮಗಳಿಗೆ ಕಾಡು, ಪ್ರಾಣಿ, ಸ್ವಲ್ಪ ಭಯ. ನನಗೆ ಇತಿಹಾಸ. ಈ ನಾಲ್ವರಿಗೂ ಪುಸ್ತಕ ಹೇಳಿ ಅಂತ ಮೂರು ಕಡೆ ಕೇಳಿದೆ.

ಆನ್‌ಲೈನ್ ಅಂಗಡಿಯ ವಿಷಯ ಬೇಗ ಮುಗಿಯುತ್ತದೆ. ಒಂದು ಐತಿಹಾಸಿಕ ಕಾದಂಬರಿ ಹುಡುಕಿದರೆ ಅದೇ ಲೇಖಕರ ಉಳಿದ ಪುಸ್ತಕಗಳನ್ನೆಲ್ಲ ಸಾಲಾಗಿ ತೋರಿಸಿತು. ಆಮೇಲೆ ಜಾಸ್ತಿ ಮಾರಾಟವಾದವು. ಅದರ ಕೆಳಗೆ ಅಕ್ಷರಮಾಲೆ ಪುಸ್ತಕ, ಯಾಕೆಂದರೆ ತಂಗಿಯ ಮಗುವಿನ ಹುಟ್ಟುಹಬ್ಬಕ್ಕೆ ಹಿಂದೆ ಒಂದು ತರಿಸಿದ್ದೆ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಅಮ್ಮ ಅವರ ಕಥೆ ಓದಬೇಕು ಅಂದರು. ಅಲ್ಲಿ ಮೊದಲು ಕಂಡದ್ದು ಇಂಗ್ಲಿಷ್ ಅನುವಾದ. ಕನ್ನಡದಲ್ಲೇ ಬರೆದ ಕಥೆಗಳಿಗೆ ಕೆಳಗೆ ಕೆಳಗೆ ಎಳೆದು ಹುಡುಕಬೇಕಾಯಿತು. ಹೆಸರು ಗೊತ್ತಿದ್ದರೆ ಮಾತ್ರ ಇದರಷ್ಟು ಸಲೀಸು ಬೇರೆ ಇಲ್ಲ, ಪುಸ್ತಕ ಬಾಗಿಲಿಗೇ ಬರುತ್ತದೆ.

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳದ್ದು ಬೇರೆಯೇ ಲೋಕ. ಎದುರಿಗೆ ರಾಶಿ ಬಿದ್ದಿರೋದು ಎಂಜಿನಿಯರಿಂಗ್ ಪುಸ್ತಕ, ಪರೀಕ್ಷೆ ಗೈಡು. ಕನ್ನಡ ಕಾದಂಬರಿ ಬೇಕು ಅಂದರೆ ಅಂಗಡಿಯವರು ಒಳಗೆ ಕೈ ಹಾಕಿ ತೆಗೆಯುತ್ತಾರೆ. ನಾನು ಹೋದ ಅಂಗಡಿಯವರಿಗೆ ಬೆನ್ನುಪಟ್ಟಿ ನೋಡಿದರೇ ಸಾಕು, ಹೆಸರು, ಬೆಲೆ ಎರಡೂ ಬಾಯಲ್ಲಿ. ಪತ್ತೇದಾರಿ ಅಂದ ಕೂಡಲೇ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಳೇ ಪ್ರತಿಗಳು ಬಂದವು, ಹಾಳೆಯೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. "ಇದು ಈಗ ಎಲ್ಲೂ ಸಿಗಲ್ಲ ಸಾರ್, ನೋಡ್ಕೊಳ್ಳಿ" ಅಂದರು. ಈ ಮಾತನ್ನು ಅವರು ಎಲ್ಲ ಪುಸ್ತಕಕ್ಕೂ ಹೇಳುತ್ತಾರೆ ಅನ್ನೋದು ಬೇರೆ ವಿಷಯ. ಓದಿ ವಾಪಸ್ ತಂದರೆ ಕಡಿಮೆ ಬೆಲೆಗೆ ತಗೊಳ್ಳುತ್ತಾರೆ. ತಂದುಕೊಟ್ಟಾಗ ಬೈಂಡಿಂಗ್ ತಿರುಗಿಸಿ ನೋಡುತ್ತಾರೆ, ಹಾಳೆ ಹರಿದಿದೆಯಾ ನೋಡುತ್ತಾರೆ. ಹೇಗಿತ್ತು ಅಂತ ಕೇಳುವುದಿಲ್ಲ. ಕೇಳಬೇಕಾದ ದರ್ದು ಅವರಿಗೇನಿದೆ?

ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದ ಮೇಡಂ ಗೆಲ್ಲೋದು ಇಲ್ಲೇ. ನನಗೇನು ಇಷ್ಟ ಅಂತ ಅವರು ಕೇಳಲೇ ಇಲ್ಲ. "ಯಾವುದನ್ನ ಅರ್ಧಕ್ಕೆ ಬಿಟ್ರಿ, ಅದು ಹೇಳಿ" ಅಂದರು. ಹೇಳಿದೆ. ಯುದ್ಧದ ವಿವರ ಜಾಸ್ತಿಯಾದರೆ ನನಗೆ ನಿದ್ದೆ ಬರುತ್ತದೆ ಅನ್ನೋದು ಅವರಿಗೆ ಅಲ್ಲೇ ಗೊತ್ತಾಯಿತು. ಹೊರಗೆ ಹೋದ ಪುಸ್ತಕ ಅವರ ಮೇಜಿಗೇ ವಾಪಸ್ ಬರಬೇಕಲ್ವಾ? ಯಾರು ಎರಡೇ ದಿನಕ್ಕೆ ತಂದರು, ಯಾರು ಅವಧಿ ಮುಗಿದ ಮೇಲೆ ತಂದರು, ಯಾವುದರ ಕೊನೇ ಪುಟದ ಚೀಟಿಯಲ್ಲಿ ತಾರೀಖಿನ ಸೀಲು ಹಾಕಲು ಜಾಗವೇ ಉಳಿದಿಲ್ಲ, ಎಲ್ಲ ಅವರ ಕಣ್ಣ ಮುಂದೆ ಇರುತ್ತದೆ.

ಅಮ್ಮನ ವಿಷಯ ಹೇಳಿದಾಗ ತ್ರಿವೇಣಿಯವರನ್ನು ಕೊಡುತ್ತಾರೆ ಅಂದುಕೊಂಡಿದ್ದೆ. ಅವೆನ್ಯೂ ರಸ್ತೆಯಲ್ಲೂ ಅದೇ ಹೆಸರು ಬಂದಿತ್ತು, ಅಮ್ಮ ಎಲ್ಲವನ್ನೂ ಓದಿ ಮುಗಿಸಿದ್ದಾರೆ. ಮೇಡಂ ಹಾಸ್ಯದ ಕಪಾಟಿಗೆ ಹೋದರು. "ಸಂಸಾರವೂ ಇರಬೇಕು, ಅಳುವೂ ಬೇಡ ಅಂದ್ರೆ ಟಿ. ಸುನಂದಮ್ಮ" ಅಂತ ಒಂದು ಪುಸ್ತಕ ತೆಗೆದರು. ಮಧ್ಯದ ಪುಟ ಬಿಚ್ಚಿ ಕಣ್ಣಿಂದ ಸ್ವಲ್ಪ ದೂರ ಹಿಡಿದರು. "ಅಕ್ಷರ ಸಣ್ಣದು, ನಿಮ್ಮಮ್ಮಂಗೆ ಕಷ್ಟ" ಅಂತ ಅದನ್ನು ಒಳಗಿಟ್ಟು ಬೇರೆ ಕೊಟ್ಟರು. ಅಕ್ಷರದ ಗಾತ್ರ ಇನ್ನೆಲ್ಲೂ ಮಾತಿಗೇ ಬಂದಿರಲಿಲ್ಲ.

ಅಪ್ಪನಿಗೆ ಬಲೆ ಹಾಕಿದ್ದು ಇನ್ನೂ ಮಜಾ. 'ಬಂಗಾರದ ಮನುಷ್ಯ' ಸಿನಿಮಾ ಅಂದ್ರೆ ಪ್ರಾಣ ಅಂದೆ. ಆ ಕಥೆ ಬರೆದವರು ಟಿ.ಕೆ. ರಾಮರಾವ್, ಅವರೇ ಪತ್ತೇದಾರಿ ಕಾದಂಬರಿಗಳನ್ನೂ ಬರೆದಿದ್ದಾರೆ, ಮೊದಲು ಸಿನಿಮಾದ ಪುಸ್ತಕ ಕೊಡಿ, ಆಮೇಲೆ ಇದು ಅಂತ ಎರಡನ್ನೂ ಒಟ್ಟಿಗೆ ಕೊಟ್ಟರು. ಸಿನಿಮಾಗೂ ಕಾದಂಬರಿಗೂ ಎಲ್ಲೆಲ್ಲಿ ವ್ಯತ್ಯಾಸ ಅಂತ ಅಪ್ಪ ಊಟದ ಹೊತ್ತಲ್ಲೆಲ್ಲ ಹೇಳುತ್ತಿದ್ದರು. ಎರಡನೆಯದನ್ನು ನಾವು ಕೈಗೆ ಕೊಡಬೇಕಾಗಲೇ ಇಲ್ಲ.

ಮಗಳಿಗೆ ಪೂರ್ಣಚಂದ್ರ ತೇಜಸ್ವಿ ಅಂತ ಎಲ್ಲರೂ ಹೇಳಿದರು, ಅದು ಯಾರಿಗಾದರೂ ಹೊಳೆಯುವ ಉತ್ತರ. ಆನ್‌ಲೈನ್ 'ಕರ್ವಾಲೊ' ತೋರಿಸಿತು. ಮೇಡಂ ಕೆನೆತ್ ಆಂಡರ್ಸನ್‌ನ ಶಿಕಾರಿ ಕಥೆಗಳನ್ನು ತೇಜಸ್ವಿ ಕನ್ನಡಕ್ಕೆ ತಂದ 'ಜಾಲಹಳ್ಳಿಯ ಕುರ್ಕ' ಕೊಟ್ಟರು. "ಜಾಲಹಳ್ಳಿಲಿ ಚಿರತೆನಾ? ಅಲ್ಲಿ ಮೆಟ್ರೊ ಸ್ಟೇಷನ್ ಇದೆಯಲ್ಲ!" ಅಂದಳು ಮಗಳು. ಅಷ್ಟೇ ಬೇಕಿತ್ತು, ಅಲ್ಲೇ ಬೆಂಚಿನ ಮೇಲೆ ಕೂತು ಶುರು ಮಾಡಿದಳು. 'ಕರ್ವಾಲೊ' ಆಮೇಲೆ ತಾನಾಗೇ ಕೇಳುತ್ತಾಳೆ ಅನ್ನೋದು ಮೇಡಂ ಲೆಕ್ಕ.

ನನ್ನ ವಿಷಯದಲ್ಲಿ ಗ್ರಂಥಾಲಯ ಸೋತಿತು. ವಸುಧೇಂದ್ರರ 'ತೇಜೋ ತುಂಗಭದ್ರಾ' ಹೊರಗೆ ಹೋಗಿತ್ತು, ಅದಕ್ಕೆ ಕಾಯುವವರೂ ಇದ್ದರು. ಬದಲಿಗೆ ಮಾಸ್ತಿಯವರ 'ಚಿಕವೀರ ರಾಜೇಂದ್ರ' ಸಿಕ್ಕಿತು. ಕೊಡಗಿನ ಕೊನೇ ದೊರೆಯ ಕಥೆ, ಚೆನ್ನಾಗಿಯೇ ಇದೆ. ಆದರೆ ನಾನು ಕೇಳಿದ್ದನ್ನು ಕೊನೆಗೆ ಆನ್‌ಲೈನ್‌ನಲ್ಲೇ ತರಿಸಿಕೊಂಡೆ. ಹೊಸ ಪುಸ್ತಕಗಳು ಶಾಖೆಯ ಕಪಾಟಿಗೆ ಬರೋದು ನಿಧಾನ, ಬಂದರೂ ಒಂದೋ ಎರಡೋ ಪ್ರತಿ. ಇನ್ನೊಂದು ತೊಂದರೆ: ಈ ಸೇವೆಯೆಲ್ಲ ಆ ಒಬ್ಬ ಮೇಡಂ ಮೇಲೆ ನಿಂತಿದೆ. ಅವರು ರಜೆಯಲ್ಲಿದ್ದ ದಿನ ಹೋದರೆ "ಅಲ್ಲಿವೆ, ನೋಡ್ಕೊಳ್ಳಿ" ಅನ್ನೋದಷ್ಟೇ ಉತ್ತರ. ಕುರ್ಚಿಗಳೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಮೀಸಲಾದ ಹಾಗೆ.

ಖರ್ಚಿನ ಮಾತು ಹೇಳುವುದಾದರೆ, ಮನೆ ಕಂದಾಯದ ರಸೀದಿ ತೆಗೆದು ನೋಡಿ. ಅದರಲ್ಲಿ ಶೇ. 6ರಷ್ಟು ಗ್ರಂಥಾಲಯ ಕರ ಇರುತ್ತದೆ. ಕಟ್ಟಿಯಾಗಿದೆ, ಹೋಗಿ ಕೇಳದೆ ಇದ್ದರೆ ನಮಗೇ ನಷ್ಟ.

ಹೆಸರು ಗೊತ್ತಿದ್ದರೆ ಆನ್‌ಲೈನ್. ಮರುಮುದ್ರಣವಾಗದ ಹಳೇ ಪುಸ್ತಕಕ್ಕೆ ಅವೆನ್ಯೂ ರಸ್ತೆ, ಚೌಕಾಸಿಗೆ ಸಿದ್ಧರಾಗಿ ಹೋಗಿ. ಏನು ಓದಬೇಕೋ ಗೊತ್ತಾಗದೆ ಇದ್ದಾಗ ಗ್ರಂಥಾಲಯವೇ. ಭಾನುವಾರದ ಗದ್ದಲದಲ್ಲಿ ಬೇಡ, ವಾರದ ನಡುವೆ ಬೆಳಗ್ಗೆ ಹೋಗಿ, ಆಗ ಗ್ರಂಥಪಾಲಕರಿಗೆ ಎದ್ದು ಕಪಾಟಿನವರೆಗೆ ಬರಲು ಪುರಸೊತ್ತು ಇರುತ್ತದೆ. ಬಹಳ ಕಡೆ ಸೋಮವಾರ ರಜೆ, ಅದೂ ನೆನಪಿರಲಿ.