ಪ್ರಿಂಟರ್ ನಡೆದರೆ ಓಎಸ್ ನಡೆಯಿತು: ಹಳೆ ಲ್ಯಾಪ್‌ಟಾಪಿನ ಮೇಲೆ ಲಿನಕ್ಸ್ ಮಿಂಟ್

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆಯ ಕಂಪ್ಯೂಟರುಗಳಿಗೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಇದೆ, ಅಷ್ಟೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಇಂಟೆಲ್ ಆದರೆ ಕನಿಷ್ಠ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಕಲಬುರಗಿ ಸೂಪರ್ ಮಾರ್ಕೆಟ್ಟಿನ ಝೆರಾಕ್ಸ್ ಅಂಗಡಿ, ಬೀದರಿನ ವಕೀಲರ ಟೇಬಲ್ಲು, ಯಾದಗಿರಿಯ ಟ್ಯೂಷನ್ ಕ್ಲಾಸು ಇಲ್ಲೆಲ್ಲ ಇನ್ನೂ ದುಡಿಯುತ್ತಿರುವುದು ಮೂರನೇ, ನಾಲ್ಕನೇ, ಆರನೇ ತಲೆಮಾರಿನ ಯಂತ್ರಗಳೇ. ಕೀಲಿಯ ಮೇಲಿನ ಅಕ್ಷರ ಅಳಿಸಿರುತ್ತದೆ, ಬ್ಯಾಟರಿ ಸತ್ತಿರುತ್ತದೆ, ಮಿಕ್ಕಿದ್ದೆಲ್ಲ ಗಟ್ಟಿ. ಇಂಥ ಯಂತ್ರಕ್ಕೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಓಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಲಿನಕ್ಸ್ ಮಿಂಟ್ 22 ಸರಣಿಯ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹೊಂದುತ್ತದೆಯೇ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಉತ್ತರ ಮೊದಲೇ ಹೇಳಿಬಿಡುತ್ತೇನೆ: ಯಂತ್ರಕ್ಕೆ ಹೊಂದುತ್ತದೆ. ನಿಮ್ಮ ಉದ್ಯೋಗಕ್ಕೆ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ಪ್ರಿಂಟರ್, ಕನ್ನಡ ಕೀಲಿಮಣೆ ಮತ್ತು ಬೆರಳಿನ ಗುರುತು ಹಿಡಿಯುವ ಸಾಧನ ನಿರ್ಧರಿಸುತ್ತವೆ. ಡೆಸ್ಕ್‌ಟಾಪ್ ಎಷ್ಟು ಚಂದ ಕಾಣುತ್ತದೆ ಎಂಬುದಕ್ಕೆ ಇದರಲ್ಲಿ ಪಾತ್ರವೇ ಇಲ್ಲ.

ಮಿಂಟ್ 22 ಬಂದದ್ದು 2024ರ ಜುಲೈನಲ್ಲಿ. ಬುಡದಲ್ಲಿರುವುದು ಉಬುಂಟು ಎಂಬ ಇನ್ನೊಂದು ಲಿನಕ್ಸಿನ 24.04 ಆವೃತ್ತಿ, ಆದ್ದರಿಂದ 2029ರವರೆಗೆ ಅಪ್‌ಡೇಟ್ ಇದೆ. 64 ಬಿಟ್ ಯಂತ್ರವೇ ಆಗಬೇಕು. ಕನಿಷ್ಠ 2 ಜಿಬಿ ರ‍್ಯಾಮ್ ಸಾಕು ಎಂದು ಮಿಂಟ್ ಮಾಡಿದವರು ಬರೆದಿದ್ದಾರೆ. ಆ ಮಾತು ನಂಬಿ ಕೂತರೆ ಬ್ರೌಸರಿನ ಮೂರನೇ ಟ್ಯಾಬಿಗೆ ಯಂತ್ರ ಮಂಡಿಯೂರುತ್ತದೆ. 4 ಜಿಬಿ ಇದ್ದರೆ ನಡೆಯುತ್ತದೆ, 8 ಜಿಬಿ ಇದ್ದರೆ ಮರೆತುಬಿಡಬಹುದು. ರ‍್ಯಾಮಿಗಿಂತ ಮೊದಲು ಹಳೆ ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಸಾಟಾ ಎಸ್‌ಎಸ್‌ಡಿ ಹಾಕಿಸಿ. ಯಾವ ಓಎಸ್ ಬದಲಾವಣೆಯೂ ಇಷ್ಟು ವೇಗ ಕೊಡುವುದಿಲ್ಲ. ಎಸ್‌ಎಸ್‌ಡಿ ಹಾಕಿ ಮಿಂಟ್ ಹಾಕಿದವರು "ಲಿನಕ್ಸ್ ಭಾಳ ಫಾಸ್ಟ್ ಅದ" ಎನ್ನುತ್ತಾರಲ್ಲ, ಅದರಲ್ಲಿ ಮುಕ್ಕಾಲು ಪಾಲು ಎಸ್‌ಎಸ್‌ಡಿಯ ಪುಣ್ಯ.

ಮಿಂಟ್ ಹಾಕಲು ಇಳಿಸಿಕೊಳ್ಳುವ ಐಎಸ್‌ಒ ಫೈಲು 3 ಜಿಬಿಯ ಆಸುಪಾಸು, 8 ಜಿಬಿ ಪೆನ್‌ಡ್ರೈವ್ ಸಾಕು. ಇಳಿಸಿಕೊಂಡ ಮೇಲೆ ಚೆಕ್‌ಸಮ್ (ಫೈಲು ಅಸಲಿಯೇ ಎಂದು ತಿಳಿಸುವ ಸಂಕೇತ) ತಾಳೆ ನೋಡುವುದನ್ನು ಬಿಡಬೇಡಿ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ಜಾಲತಾಣಕ್ಕೇ ಕನ್ನ ಬಿದ್ದು, 17.3 ಸಿನ್ನಮನ್ ಆವೃತ್ತಿಯ ಕೊಂಡಿ ಒತ್ತಿದವರಿಗೆ ಕಳ್ಳರು ನುಸುಳುವ ಹಿಂಬಾಗಿಲಿದ್ದ ಐಎಸ್‌ಒ ಸಿಕ್ಕಿತ್ತು. ಪೆನ್‌ಡ್ರೈವ್ ತಯಾರಿಗೆ ವಿಂಡೋಸಿನಲ್ಲಿ ರೂಫಸ್ ಎಂಬ ಉಚಿತ ತಂತ್ರಾಂಶ ಸಾಕು. ಪೆನ್‌ಡ್ರೈವಿನಿಂದ ಯಂತ್ರ ಏಳಿಸುವ ಬೂಟ್ ಮೆನುವಿಗೆ ಎಚ್‌ಪಿಯಲ್ಲಿ ಎಫ್9, ಡೆಲ್‌ನಲ್ಲಿ ಎಫ್12. ಏಸರಿನಲ್ಲೂ ಎಫ್12, ಆದರೆ ಮೊದಲು ಬಯಾಸಿಗೆ (ಯಂತ್ರದ ಮೂಲ ಸೆಟ್ಟಿಂಗ್ಸಿಗೆ) ಹೋಗಿ ಆ ಸೌಲಭ್ಯ ಆನ್ ಮಾಡಬೇಕಾಗಬಹುದು.

ಪೆನ್‌ಡ್ರೈವಿನಿಂದ ಮಿಂಟ್ ಎದ್ದು ನಿಂತಿತು ಎನ್ನಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ ನೇರ ಇನ್‌ಸ್ಟಾಲ್ ಗುಂಡಿಗೆ ಕೈ ಹಾಕುವುದು. ಹಾಕಬೇಡಿ. ಈ ಲೈವ್ ಸ್ಥಿತಿಯಲ್ಲೇ ವೈಫೈ ಹಿಡಿಯುತ್ತದೆಯೇ, ಸ್ಪೀಕರ್ ಮಾತಾಡುತ್ತದೆಯೇ, ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಪರದೆ ಮರಳುತ್ತದೆಯೇ ನೋಡಿ. ಕೊನೆಗೆ ಪ್ರಿಂಟರಿನ ಕೇಬಲ್ ಚುಚ್ಚಿ ಒಂದು ಹಾಳೆ ತೆಗೆಯಿರಿ. ಡಿಸ್ಕನ್ನು ಇನ್ನೂ ಮುಟ್ಟಿಲ್ಲವಾದ್ದರಿಂದ ಏನು ಕೆಟ್ಟರೂ ಪೆನ್‌ಡ್ರೈವ್ ಕಿತ್ತರೆ ಮುಗಿಯಿತು. ಹಳೆ ಡೆಲ್, ಎಚ್‌ಪಿಗಳಲ್ಲಿ ಬ್ರಾಡ್‌ಕಾಂ ವೈಫೈ ಇದ್ದರೆ ಮೊದಲಿಗೆ ನೆಟ್‌ವರ್ಕೇ ಕಾಣುವುದಿಲ್ಲ. ಹೆದರಬೇಕಿಲ್ಲ, ಮೊಬೈಲನ್ನು ಯುಎಸ್‌ಬಿ ಟೆದರಿಂಗಿಗೆ ಹಾಕಿ ಡ್ರೈವರ್ ಮ್ಯಾನೇಜರ್ ತೆರೆದರೆ ಬ್ರಾಡ್‌ಕಾಂ ಡ್ರೈವರ್ ಪಟ್ಟಿಯಲ್ಲಿ ಬರುತ್ತದೆ. ರಿಯಲ್‌ಟೆಕ್ 8723ಬಿಇ ಚಿಪ್ ಇರುವ ಎಚ್‌ಪಿಗಳದ್ದು ಬೇರೆ ರೋಗ. ನೆಟ್‌ವರ್ಕ್ ಕಾಣುತ್ತದೆ, ರೌಟರಿನಿಂದ ಎರಡು ಗೋಡೆ ಆಚೆ ಹೋದರೆ ಸಿಗ್ನಲ್ ಸಾಯುತ್ತದೆ. ಎರಡು ಆಂಟೆನಾ ತುದಿಗಳಲ್ಲಿ ತಂತಿ ಇಲ್ಲದ ತುದಿಯನ್ನು ಡ್ರೈವರ್ ಆರಿಸಿಕೊಂಡಿರುತ್ತದೆ. ಇನ್‌ಸ್ಟಾಲ್ ಆದ ಮೇಲೆ ಆ ಡ್ರೈವರಿನ ಆಂಟೆನಾ ಆಯ್ಕೆಯನ್ನು 1 ಅಥವಾ 2 ಎಂದು ಬದಲಿಸಿ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ.

ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಬಯಾಸಿನಲ್ಲಿ ಸಾಟಾ ಮೋಡ್ (ಡಿಸ್ಕಿನ ಜೊತೆ ಯಂತ್ರ ಮಾತಾಡುವ ಬಗೆ) ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಇರುತ್ತದೆ, ಎಎಚ್‌ಸಿಐಗೆ ತರಬೇಕು. ಹಾಗೆ ತಂದರೆ ಅದೇ ಡಿಸ್ಕಿನ ವಿಂಡೋಸ್ ಏಳದಿರಬಹುದು, ಆದ್ದರಿಂದ ಬ್ಯಾಕಪ್ ಮೊದಲು. ಎರಡೂ ಓಎಸ್ ಇಟ್ಟುಕೊಳ್ಳುವವರು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿರಬೇಕು. ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಮಲಗುವುದೇ ಇಲ್ಲ, ಮಿಂಟಿನಲ್ಲಿ ಡಿ ಡ್ರೈವ್ ಓದಲು ಮಾತ್ರ ಸಿಗುತ್ತದೆ, ಬರೆಯಲು ಬರುವುದಿಲ್ಲ. ಮಿಂಟಿನಿಂದ ವಿಂಡೋಸಿಗೆ ಮರಳಿದಾಗ ಗಡಿಯಾರ ಐದೂವರೆ ತಾಸು ಹಿಂದೆ ಹೋಗಿರುತ್ತದೆ. ಅದು ಗಡಿಯಾರ ಓಡಿಸುವ ಸಿಮಾಸ್ ಬ್ಯಾಟರಿಯ ದೋಷವಲ್ಲ. ಯಂತ್ರದ ಗಡಿಯಾರವನ್ನು ಮಿಂಟ್ ಗ್ರೀನ್‌ವಿಚ್ ಸಮಯವೆಂದು ಓದುತ್ತದೆ, ವಿಂಡೋಸ್ ನಮ್ಮ ಸಮಯವೆಂದು ಓದುತ್ತದೆ. ಸ್ಥಳೀಯ ಸಮಯ ಇಟ್ಟುಕೊಳ್ಳಲು ಮಿಂಟಿಗೆ ಒಂದೇ ಆದೇಶದಲ್ಲಿ ಹೇಳಬಹುದು.

ಈಗ ಪ್ರಿಂಟರಿನ ಮಾತು. ಎಪ್ಸನ್ನಿನ ಇಂಕ್ ಟ್ಯಾಂಕ್ ಪ್ರಿಂಟರುಗಳಿಗೆ ತೊಂದರೆ ಕಡಿಮೆ, ಡ್ರೈವರ್ ಸಿಗುತ್ತದೆ, ಸ್ಕ್ಯಾನಿಗೆ ಎಪ್ಸನ್ ಸ್ಕ್ಯಾನ್ 2 ಇದೆ. ಟಿವಿಎಸ್ ಡಾಟ್ ಮ್ಯಾಟ್ರಿಕ್ಸ್ ಇನ್ನೂ ಓಡಿಸುವ ಅಡತಿ ಅಂಗಡಿಯವರು ಎಂಎಸ್‌ಪಿ 250ಕ್ಕೆ ಪಟ್ಟಿಯಲ್ಲಿ ಎಪ್ಸನ್ 9 ಪಿನ್ ಆರಿಸಿಕೊಂಡರೆ ಬಿಲ್ಲು ಬರುತ್ತದೆ. ಎಚ್‌ಪಿ ಲೇಸರ್‌ಜೆಟ್ 1020ರ ಸ್ವಭಾವ ತಿಳಿದಿರಬೇಕು: ಈ ಪ್ರಿಂಟರಿನ ಹೊಟ್ಟೆಯಲ್ಲಿ ಫರ್ಮ್‌ವೇರ್ (ಅದನ್ನು ನಡೆಸುವ ಒಳ ತಂತ್ರಾಂಶ) ಉಳಿಯುವುದೇ ಇಲ್ಲ, ಪ್ರತಿ ಸಲ ಆನ್ ಆದಾಗ ಕಂಪ್ಯೂಟರೇ ಕಳಿಸಬೇಕು. ಅದಕ್ಕೆ ಎಚ್‌ಪಿಎಲ್‌ಐಪಿ ಎಂಬ ಲಿನಕ್ಸ್ ಡ್ರೈವರ್ ಜೊತೆಗೆ ಎಚ್‌ಪಿಯ ಪ್ರತ್ಯೇಕ ಪ್ಲಗಿನ್ ಬೇಕು, ಮತ್ತು ಎರಡರ ಆವೃತ್ತಿ ಸಂಖ್ಯೆ ಒಂದೇ ಇರಬೇಕು. ಎಚ್‌ಪಿಎಲ್‌ಐಪಿ ಮಾತ್ರ ಮೇಲೆ ಹೋಗಿ ಪ್ಲಗಿನ್ ಹಳೆಯದೇ ಉಳಿದರೆ ಪರದೆ "ಮುಗಿಯಿತು" ಎನ್ನುತ್ತದೆ, ಹಾಳೆ ಹೊರಗೆ ಬರುವುದಿಲ್ಲ. ಗಿರಾಕಿ ಎದುರು ನಿಂತಾಗ ಇದಕ್ಕಿಂತ ಕೆಟ್ಟ ಗಳಿಗೆ ಇಲ್ಲ. ಪ್ಲಗಿನ್ ಮತ್ತೆ ಹಾಕಿದರೆ ಐದು ನಿಮಿಷದ ಕೆಲಸ, ಆದರೆ ಇಂಟರ್‌ನೆಟ್ ಬೇಕು.

ಕ್ಯಾನನ್ ಎಲ್‌ಬಿಪಿ 2900 ಇದ್ದವರಿಗೆ ನನ್ನ ಸಲಹೆ ಬೇರೆ. ನಮ್ಮ ಭಾಗದ ಝೆರಾಕ್ಸ್ ಅಂಗಡಿಗಳಲ್ಲಿ ಇದು ಮನೆದೇವರಿದ್ದಂತೆ. ಇದು ಕಂಪ್ಯೂಟರಿನೊಡನೆ ಮಾತಾಡುವುದು ಕ್ಯಾನನ್ನಿನದೇ ಕ್ಯಾಪ್ಟ್ ಎಂಬ ಭಾಷೆಯಲ್ಲಿ. ಸಾಮಾನ್ಯ ಲೇಸರ್ ಡ್ರೈವರ್ ಯಾವುದೂ ನಡೆಯುವುದಿಲ್ಲ. ಕ್ಯಾನನ್ನಿನ ಹಳೆಯ ಲಿನಕ್ಸ್ ಡ್ರೈವರ್ 32 ಬಿಟ್ ಲೈಬ್ರರಿಗಳನ್ನು ಕೇಳುತ್ತದೆ, ಹಿನ್ನೆಲೆಯಲ್ಲಿ ಒಂದು ಪ್ರೋಗ್ರಾಂ ಸದಾ ಓಡುತ್ತಿರಬೇಕು, ಪ್ರಿಂಟರ್ ಆಫ್ ಆಗಿ ಆನ್ ಆದರೆ ಅದು ಸಿಕ್ಕಿಹಾಕಿಕೊಳ್ಳುವುದುಂಟು. ದಿನಕ್ಕೆ ನಾಲ್ಕು ಸಲ ಕರೆಂಟ್ ಆಡುವ ಊರಿನಲ್ಲಿ ಇದು ಬಾಳಿಕೆಯ ವ್ಯವಸ್ಥೆಯಲ್ಲ. ಉತ್ಸಾಹಿಗಳು ಬರೆದ ಮುಕ್ತ ಡ್ರೈವರ್ ಒಂದಿದೆ, ಮನೆಯಲ್ಲಿ ಹತ್ತು ಹಾಳೆ ತೆಗೆಯುವವರು ಪ್ರಯತ್ನಿಸಲಿ. ಅಂಗಡಿಯ ಮುಖ್ಯ ಪ್ರಿಂಟರ್ ಇದೇ ಆಗಿದ್ದರೆ ಆ ಒಂದು ಯಂತ್ರದಲ್ಲಿ ವಿಂಡೋಸ್ ಇರಲಿ.

ಕನ್ನಡ ಬರೆಯುವುದು ನಿರೀಕ್ಷೆಗಿಂತ ಸುಲಭ. ಕೀಬೋರ್ಡ್ ಸೆಟ್ಟಿಂಗ್ಸಿನ ಲೇಔಟ್ ಪಟ್ಟಿಯಲ್ಲಿ ಭಾರತೀಯ ಭಾಷೆಗಳ ಗುಂಪಿಗೆ ಹೋದರೆ ಕನ್ನಡ ಕಗಪ ಎಂದೇ ಇದೆ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದ ಇದೇ ಕೀಲಿಮಣೆಗೆ ನುಡಿಯಲ್ಲಿ ಕೈ ಪಳಗಿರುತ್ತದೆ: ಕ್ಯೂ ಒತ್ತಿದರೆ ಟ, ಡಬ್ಲ್ಯೂ ಒತ್ತಿದರೆ ಡ, ಒತ್ತಕ್ಷರಕ್ಕೆ ನಡುವೆ ಎಫ್. ಪ್ರತ್ಯೇಕ ತಂತ್ರಾಂಶ ಬೇಕಿಲ್ಲ, ಎಲ್ಲ ಅಪ್ಲಿಕೇಶನ್ನುಗಳಲ್ಲೂ ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ ಬರೆದು ಕನ್ನಡ ಪಡೆಯುವ ರೂಢಿಯವರು ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿ ಐಟ್ರಾನ್ಸ್ ಆರಿಸಿಕೊಳ್ಳಲಿ. ಯಾವುದನ್ನೇ ಹಾಕಿ, ಮೊದಲು "ಸಾಫ್ಟ್‌ವೇರ್" ಎಂದು ಬರೆದು ನೋಡಿ. ಅಕ್ಷರ ಬಿಡಿಸುವ ಕಾಣದ ಚಿಹ್ನೆಗೆ ಕೀಲಿ ಯಾವುದೆಂದು ಗೊತ್ತಿಲ್ಲದಿದ್ದರೆ ಅದು "ಸಾಫ್ಟ್ವೇರ್" ಆಗಿ ಕೂರುತ್ತದೆ. ಅಕ್ಷರರೂಪಕ್ಕೆ ಗುಬ್ಬಿ, ನವಿಲು ಎರಡೂ ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಸಿಗುತ್ತವೆ.

ಕಷ್ಟ ಇರುವುದು ಹಳೆಯ ಫೈಲುಗಳಲ್ಲಿ. ಹದಿನೈದು ವರ್ಷದ ಅರ್ಜಿ, ಕರಾರುಪತ್ರ, ಪ್ರಶ್ನೆಪತ್ರಿಕೆಗಳೆಲ್ಲ ನುಡಿಯ ಹಳೆ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸಿದ ಫಾಂಟ್) ಇರುತ್ತವೆ. ಮಿಂಟಿನಲ್ಲಿ ತೆರೆದಾಗ "ಕನ್ನಡ" ಎಂಬ ಪದ ಪಿ, ಪೌಂಡ್ ಚಿಹ್ನೆ, ಕ್ಯೂ, ನಡುನಡುವೆ ತಲೆಯ ಮೇಲೆ ಗೀಟಿರುವ ಎ ಆಗಿ ಕಂಡರೆ ಫೈಲು ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ಆ ನುಡಿ ಫಾಂಟನ್ನು ತಂದು ಹಾಕಿದರೆ ಓದಲು, ಮುದ್ರಿಸಲು ಬರುತ್ತದೆ. ಅದೇ ಆಸ್ಕಿಯಲ್ಲಿ ಹೊಸದಾಗಿ ಬರೆಯಬೇಕೆಂದರೆ ನುಡಿ ಎಂಜಿನ್ ಬೇಕು, ಇಲ್ಲಿ ಅದಿಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ, ಆಮೇಲೆ ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿಟ್ಟು ತಿದ್ದಿ. ಸರ್ವೆ ನಂಬರ್ ತಪ್ಪಾದ ಕರಾರುಪತ್ರ ಯಾರಿಗೂ ಬೇಡ.

ಪತ್ರ, ಕಡತ ಬರೆಯುವ ಲಿಬ್ರೆಆಫೀಸಿನಲ್ಲಿ ಇನ್ನೊಂದು ತೊಡಕಿದೆ, ಹೊಸಬರೆಲ್ಲ ಇಲ್ಲೇ ಎಡವುತ್ತಾರೆ. ಸ್ಟೈಲಿನಲ್ಲಿ ಅಕ್ಷರ 14ಕ್ಕೆ ಏರಿಸಿದರೆ ಇಂಗ್ಲಿಷ್ ಮಾತ್ರ ದೊಡ್ಡದಾಗಿ ಕನ್ನಡ ಇದ್ದಲ್ಲೇ ಇರುತ್ತದೆ. ಯೂನಿಕೋಡ್ ಕನ್ನಡವನ್ನು ಅದು ಕಾಂಪ್ಲೆಕ್ಸ್ ಟೆಕ್ಸ್ಟ್ ಎಂಬ ಬೇರೆ ಖಾತೆಯಲ್ಲಿ ಇಟ್ಟಿರುತ್ತದೆ. ಆಯ್ಕೆಗಳ ಭಾಷಾ ವಿಭಾಗದಲ್ಲಿ ಅದನ್ನು ಆನ್ ಮಾಡಿ ಕನ್ನಡ ಆರಿಸಿದರೆ, ಸ್ಟೈಲಿನಲ್ಲಿ ಅದಕ್ಕೆಂದೇ ಫಾಂಟ್ ಮತ್ತು ಗಾತ್ರದ ಜಾಗ ಕಾಣಿಸುತ್ತದೆ. ನುಡಿ ಆಸ್ಕಿ ಪಠ್ಯ ಮಾತ್ರ ಇಂಗ್ಲಿಷ್ ಖಾತೆಗೇ ಸೇರುತ್ತದೆ, ಏಕೆಂದರೆ ಕಂಪ್ಯೂಟರಿನ ಕಣ್ಣಿಗೆ ಅದು ಕನ್ನಡವೇ ಅಲ್ಲ.

ಮದುವೆ ಕಾರ್ಡಿನ ಡಿಟಿಪಿಯವರು ಈ ಕಡೆ ಬರುವುದೇ ಬೇಡ. ಕಲಬುರಗಿ, ಬೀದರಿನಲ್ಲಿ ಒಂದೇ ಟೇಬಲ್ಲಿನಿಂದ ಕನ್ನಡ, ಉರ್ದು, ಮರಾಠಿ ಮೂರೂ ಹೊರಡುತ್ತವೆ. ಪೇಜ್‌ಮೇಕರ್, ಕೋರೆಲ್‌ಡ್ರಾ, ಉರ್ದುವಿಗೆ ಇನ್‌ಪೇಜ್, ಮರಾಠಿಗೆ ಶ್ರೀಲಿಪಿ, ಎಲ್ಲ ವಿಂಡೋಸಿನವು. ಕೋರೆಲ್ ಫೈಲನ್ನು ಮಿಂಟಿನಲ್ಲಿ ಸಿಗುವ ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ತೆರೆದರೆ ಹೂಬಳ್ಳಿ ಬರುತ್ತದೆ, ವಧೂವರರ ಹೆಸರು ಚೆಲ್ಲಾಪಿಲ್ಲಿ. ಹೊಸದಾಗಿ ಯೂನಿಕೋಡಿನಲ್ಲೇ ಶುರುಮಾಡುವವರಿಗೆ ಪುಟ ವಿನ್ಯಾಸದ ಸ್ಕ್ರೈಬಸ್ 1.6 ಮತ್ತು ನೋಟೋ ನಸ್ತಲೀಕ್ ಉರ್ದು ಫಾಂಟ್ ಇವೆ, ಆದರೆ ಹತ್ತು ವರ್ಷದ ಡಿಸೈನ್ ಗಂಟು ಯಾರೂ ಬಿಡುವುದಿಲ್ಲ.

ಆಧಾರ್ ಬೆರಳಚ್ಚಿನ ಕೆಲಸ ಮಾಡುವ ಸೇವಾಕೇಂದ್ರಗಳಿಗೂ ಇದೇ ಮಾತು. ಆ ಸಾಧನಗಳನ್ನು ಆಧಾರ್‌ಗೆ ಜೋಡಿಸುವ ಆರ್‌ಡಿ ಸರ್ವೀಸ್ ಎಂಬ ತಂತ್ರಾಂಶ ಹೆಚ್ಚಾಗಿ ವಿಂಡೋಸ್ ಮತ್ತು ಆಂಡ್ರಾಯ್ಡಿಗೆ ಬರೆದದ್ದು. ಮಿಂಟ್ 22.2ರಲ್ಲಿ ಬೆರಳು ಇಟ್ಟು ಲಾಗಿನ್ ಆಗುವ ಫಿಂಗ್‌ವಿಟ್ ಬಂದಿದೆಯಲ್ಲ ಎಂದು ಕೇಳುತ್ತಾರೆ. ಅದು ಲ್ಯಾಪ್‌ಟಾಪಿನ ಬಾಗಿಲು ತೆರೆಯುವುದಕ್ಕೆ, ರೇಷನ್ ಕಾರ್ಡಿಗಲ್ಲ. ಟ್ಯಾಲಿ ಕೂಡ ವಿಂಡೋಸಿನದ್ದೇ. ಡಿಜಿಟಲ್ ಸಹಿಯ ಟೋಕನ್‌ಗಳಲ್ಲಿ ಕೆಲವಕ್ಕೆ ಲಿನಕ್ಸ್ ಡ್ರೈವರ್ ಇದೆ, ಆದರೆ ಟೆಂಡರಿನ ಕೊನೆ ದಿನ ಅದನ್ನು ಪರೀಕ್ಷಿಸಬೇಡಿ.

ಇಂಟರ್‌ನೆಟ್ಟಿನಲ್ಲಿ ಕುಸ್ತಿ ನಡೆಯುವುದು ಬೇರೆಯದೇ ಕಣದಲ್ಲಿ. ಮಿಂಟ್ ಎಳಸರ ಓಎಸ್, ಗಂಡಸಾದರೆ ಆರ್ಚ್ ಎಂಬ ಕಷ್ಟದ ಲಿನಕ್ಸ್ ಹಾಕು ಎಂದು ಒಂದು ಗುಂಪು. ಪರದೆ ಬಿಡಿಸುವ ಹೊಸ ವ್ಯವಸ್ಥೆ ವೇಲ್ಯಾಂಡ್ ಇಲ್ಲದ್ದು ಹಳೆ ಕಾಲದ್ದು ಎಂದು ಇನ್ನೊಂದು. ಎಕ್ಸ್‌ಎಫ್‌ಸಿಇ ಆವೃತ್ತಿ ಇನ್ನೂ ಹಳೆಯ ವ್ಯವಸ್ಥೆಯಾದ ಎಕ್ಸ್11 ಮೇಲೆಯೇ ಓಡುತ್ತದೆ ಎಂಬುದು ಖರೆ. ಆರನೇ ತಲೆಮಾರಿನ ಲ್ಯಾಪ್‌ಟಾಪಿನಲ್ಲಿ ಪ್ರಶ್ನೆಪತ್ರಿಕೆ ಬರೆಯುವ ಮೇಷ್ಟ್ರಿಗೆ ಅದರಿಂದ ಕೂದಲೂ ಕೊಂಕುವುದಿಲ್ಲ. ಆ ಜಗಳಗಳಲ್ಲಿ ಒಂದಕ್ಕೆ ಮಾತ್ರ ನಮ್ಮ ಟೇಬಲ್ಲಿನ ಮೇಲೆ ಬೆಲೆಯಿದೆ, ತಂತ್ರಾಂಶ ಕಟ್ಟಿಕೊಡುವ ಉಬುಂಟುವಿನ ಪದ್ಧತಿಯಾದ ಸ್ನ್ಯಾಪ್‌ನದು. ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಆಗಿ ಬರುತ್ತದೆ, ಹಳೆ ಡಿಸ್ಕಿನಲ್ಲಿ ಮೊದಲ ಸಲ ತೆರೆಯಲು ತಡಮಾಡುತ್ತದೆ. 2020ರಿಂದ ಮಿಂಟ್ ಸ್ನ್ಯಾಪನ್ನು ಹೊರಗಿಟ್ಟಿದೆ, ಫೈರ್‌ಫಾಕ್ಸನ್ನು ಸಾಮಾನ್ಯ ಪ್ಯಾಕೇಜಾಗಿಯೇ ಕೊಡುತ್ತದೆ. ಇದು ಕೈಗೆ ತಿಳಿಯುವ ವ್ಯತ್ಯಾಸ.

ಯೂಟ್ಯೂಬ್ ಪಾಠ ನೋಡುವ ವಿದ್ಯಾರ್ಥಿಗಳಿಗೆ ಒಂದು ಮಾತು. ಹಳೆ ಇಂಟೆಲ್ ಗ್ರಾಫಿಕ್ಸಿಗೆ ಯೂಟ್ಯೂಬ್ ಕಳಿಸುವ ವಿಪಿ9 ವಿಡಿಯೋ ಬಿಡಿಸುವ ಯಂತ್ರಾಂಶವಿಲ್ಲ, ಎಲ್ಲ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟಿದಾಗ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತದೆ. ಹಳೆ ಗ್ರಾಫಿಕ್ಸೂ ಬಿಡಿಸಬಲ್ಲ ಎಚ್.264 ಬಗೆಯ ವಿಡಿಯೋವನ್ನೇ ತರಿಸುವ ಎಚ್264ಇಫೈ ಎಂಬ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿ, ಗುಣಮಟ್ಟವನ್ನು 720ಕ್ಕೆ ಇಳಿಸಿ. ಅದಕ್ಕೂ ಮೊದಲು ಫ್ಯಾನಿನ ದೂಳು ತೆಗೆಸಿ ಥರ್ಮಲ್ ಪೇಸ್ಟ್ ಬದಲಿಸಿ, ಅದನ್ನು ಯಾವ ಓಎಸ್ಸೂ ಮಾಡಿಕೊಡುವುದಿಲ್ಲ.

ಕೆಟ್ಟರೆ ಯಾರು ನೋಡುತ್ತಾರೆ ಎಂಬುದು ಮಿಂಟ್‌ನ ನಿಜವಾದ ಕೊರತೆ. ದುಕಾನಿಗೆ ಒಯ್ದರೆ "ಲಿನಕ್ಸ್ ಅದ ಏನ್ರಿ? ಫಾರ್ಮ್ಯಾಟ್ ಹೊಡೀತೀನಿ ತಗೋರಿ" ಎನ್ನುವವರೇ ಹೆಚ್ಚು, ಅದರ ಜೊತೆ ನಿಮ್ಮ ಫೈಲೂ ಹೋಗುತ್ತದೆ. ಮೊದಲ ದಿನವೇ ಓಎಸ್ಸಿನ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್ ಆನ್ ಮಾಡಿ, ವಾರಕ್ಕೊಂದು ಪ್ರತಿ, ಮೂರು ಇಟ್ಟುಕೊಂಡರೆ ಸಾಕು. ಅಪ್‌ಡೇಟ್ ಆದ ಮೇಲೆ ಪರದೆ ಕಪ್ಪಾದರೆ ಅದೇ ಪೆನ್‌ಡ್ರೈವಿನಿಂದ ಎದ್ದು ಹಿಂದಿನ ವಾರಕ್ಕೆ ಮರಳಬಹುದು. ಟೈಮ್‌ಶಿಫ್ಟ್ ಕಾಯುವುದು ಓಎಸ್ಸನ್ನು ಮಾತ್ರ, ನಿಮ್ಮ ಫೋಟೋ, ಕಡತಗಳನ್ನಲ್ಲ. ಅವಕ್ಕೆ ಹೊರಗಿನ ಡಿಸ್ಕೇ ಗತಿ.

ಎಸ್‌ಎಸ್‌ಡಿ ಹಾಕಿಸುವಾಗ ಹೊರಬಂದ ಹಳೆ ಹಾರ್ಡ್‌ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಅದರಲ್ಲಿ ವಿಂಡೋಸ್, ನುಡಿ, ಕ್ಯಾನನ್ ಡ್ರೈವರ್ ಎಲ್ಲ ಇದ್ದ ಹಾಗೇ ಇವೆ. ಮೇಲೆ ತಾರೀಖು ಬರೆದು ಕಪಾಟಿನಲ್ಲಿಡಿ. ಮಿಂಟ್ ಕೈ ಹಿಡಿಯದಿದ್ದರೆ ಎರಡು ಸ್ಕ್ರೂ ಬಿಚ್ಚಿ ಅದನ್ನೇ ಮರಳಿ ಹಾಕಿದರಾಯಿತು.