ಬಿಸಿಲಲ್ಲಿ ಆಯ್ದ ಅಡುಗೆಮನೆ ಮಡಿಕೇರಿ ಮಳೆಗೆ ಉಳಿಯಲಿಲ್ಲ

ಕೊಡಗಿನಲ್ಲಿ ಮಾಡ್ಯುಲರ್ ಕಿಚನ್ ಮಾಡಿಸಲು ಹೊರಟವರು ಅಡ್ವಾನ್ಸ್ ಕೊಡುವ ಮೊದಲು ಇದನ್ನೊಮ್ಮೆ ಓದಿ. ನಮ್ಮ ಮನೆ ಮಡಿಕೇರಿ ಹತ್ತಿರ. ಹಳೆ ಅಡುಗೆಮನೆ ಒಡೆಸಿ ಹೊಸದು ಮಾಡಿಸಿದ್ದು ಫೆಬ್ರವರಿಯಲ್ಲಿ. ಆಗಸ್ಟ್ ಹೊತ್ತಿಗೆ ಅರ್ಧ ಹಾಳಾಗಿತ್ತು.

ಸಾಮಾನು ಆರಿಸಿದ್ದು ಮೈಸೂರಿನ ಒಂದು ಶೋರೂಮಿನಲ್ಲಿ. ಹೊರಗೆ ಒಳ್ಳೆ ಬಿಸಿಲು, ಒಳಗೆ ಎಸಿ. ಕಡು ಬೂದು ಬಣ್ಣದ ಬಾಗಿಲು, ಬಿಳಿ ಮಾರ್ಬಲ್ ಕಟ್ಟೆ, ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿತು. ಎಲ್ಲಾ ವಾಟರ್‌ಪ್ರೂಫ್ ಅಂದರು, ನಂಬಿದೆವು. ಒಳಗಿನ ಬೋರ್ಡ್ ಯಾವುದು ಅಂತ ಕೇಳಲಿಲ್ಲ. ಬಿಲ್ಲಿನಲ್ಲೂ ಬರೆಸಲಿಲ್ಲ.

ಒಳಗಿದ್ದದ್ದು ಪಾರ್ಟಿಕಲ್ ಬೋರ್ಡ್. ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಹಲಗೆ ಅದು. ಮೇಲಿನ ಲ್ಯಾಮಿನೇಟ್ ನೀರು ತಡೆಯುತ್ತದೆ, ಸುಳ್ಳಲ್ಲ. ಆದರೆ ನೀರು ನುಗ್ಗುವುದು ಮೇಲಿಂದ ಅಲ್ಲ. ಅಂಚಿನಿಂದ, ಸ್ಕ್ರೂ ತೂತಿನಿಂದ, ಸಿಂಕಿನ ಪೈಪಿಗೆ ಕೊರೆದ ಜಾಗದಿಂದ. ನಮ್ಮದು ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುವ ಊರು. ಜುಲೈಯಲ್ಲಿ ಒಲೆ ಮೇಲೆ ಹಗ್ಗ ಕಟ್ಟಿದರೂ ಬಟ್ಟೆ ಒಣಗಲ್ಲ. ಜೊತೆಗೆ ದಿನಾ ಬೆಳಿಗ್ಗೆ ಕಡಂಬುಟ್ಟು, ನೂಪುಟ್ಟು ಬೇಯಿಸುವ ಹಬೆ. ಮೊದಲು ಸಿಂಕ್ ಕೆಳಗಿನ ಬಾಗಿಲು ಉಬ್ಬಿತು, ಮುಚ್ಚದಾಯಿತು. ಆಮೇಲೆ ಸ್ಕ್ರೂ ಹಿಡಿತ ಬಿಟ್ಟು ಒಂದು ಬಾಗಿಲು ಕೈಗೇ ಬಂತು. ಬಾಗಿಲು ಕೂರಿಸುವ ಕಪಾಟಿನ ಬಾಕ್ಸನ್ನು ಗೋಡೆಗೆ ಒತ್ತಿ ಕೂರಿಸಿದ್ದರು. ತೆಗೆದು ನೋಡಿದರೆ ಹಿಂದೆ ಪೂರ್ತಿ ಬೂಷ್ಟು.

ಮಾರ್ಬಲ್ ಕಥೆ ಇನ್ನೂ ಬೇಜಾರಿನದು. ಪಂದಿ ಕರಿಗೆ (ಹಂದಿ ಸಾರು) ಕಾಚಂಪುಳಿ, ಅಂದರೆ ನಮ್ಮ ಕಡೆಯ ಕಪ್ಪು ಹುಳಿರಸ, ಹಾಕುವಾಗ ನಾಲ್ಕು ಹನಿ ಕಟ್ಟೆ ಮೇಲೆ ಬಿತ್ತು. ಅಮ್ಮ ಕೂಡಲೇ ಒರೆಸಿದರು. ಆದರೂ ಅಲ್ಲಿ ಹೊಳಪು ಹೋಗಿ ಮಂಕು ಗುರುತು ಉಳಿಯಿತು. ಮಾರ್ಬಲ್ ಅಂದರೆ ಸುಣ್ಣದ ಜಾತಿಯ ಕಲ್ಲು. ಹುಳಿ ತಾಗಿದರೆ ಮೇಲ್ಮೈಯೇ ಕರಗುತ್ತದೆ. ಅದು ಕಲೆಯಲ್ಲ, ಗಾಯ. ತಿಕ್ಕಿದರೆ ಹೋಗಲ್ಲ, ಮತ್ತೆ ಪಾಲಿಶ್ ಮಾಡಿಸಬೇಕು. ಸೀಲರ್ ಹಾಕಿದ್ದೇವೆ ಅಂತ ಅಂಗಡಿಯವರು ಹೇಳಿದ್ದರು. ಸೀಲರ್ ಕಲೆ ಇಳಿಯುವುದನ್ನು ನಿಧಾನ ಮಾಡುತ್ತದೆ ಅಷ್ಟೆ, ಹುಳಿಯನ್ನು ತಡೆಯಲ್ಲ. ನಿಂಬೆ, ಹುಣಸೆ, ಟೊಮೆಟೊ ಬಿದ್ದರೂ ಇದೇ ಕಥೆ. ಆಗಸ್ಟ್ ಮೊದಲಲ್ಲಿ ಬರುವ ಕಕ್ಕಡ 18ರ ಆಚರಣೆಯಂದು ಮದ್ದುಸೊಪ್ಪು (ಔಷಧಿ ಸೊಪ್ಪು) ಬೇಯಿಸಿದ ನೇರಳೆ ನೀರು ಚೆಲ್ಲಿತು. ಆ ಬಣ್ಣ ಪೂರ್ತಿ ಹೋಗಲೇ ಇಲ್ಲ. ಅಮ್ಮ ಕಟ್ಟೆ ಮೇಲೆ ಪೇಪರ್ ಹಾಸಿಕೊಂಡು ಅಡುಗೆ ಮಾಡಲು ಶುರು ಮಾಡಿದರು. ನಲವತ್ತು ವರ್ಷ ಅಡುಗೆ ಮಾಡಿದವರು ತಮ್ಮ ಮನೆಯಲ್ಲೇ ಹೆದರಿ ಕೈ ಆಡಿಸುವುದನ್ನು ನೋಡಿ ನನಗೆ ಕಣ್ಣು ತುಂಬಿತು.

ಬಣ್ಣದ್ದೂ ತಪ್ಪೇ. ಮಂಜು ಕವಿದ ದಿನ ಕಡು ಬೂದು ಅಡುಗೆಮನೆಯಲ್ಲಿ ಮಧ್ಯಾಹ್ನವೂ ಲೈಟ್ ಬೇಕು. ಮಳೆಗಾಲದಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅಂತ ನಿಮಗೂ ಗೊತ್ತಲ್ವಾ?

ಮರುವರ್ಷ ಎಲ್ಲ ಕಿತ್ತು ಮತ್ತೆ ಮಾಡಿಸಿದೆವು. ಈ ಸಲ ಐಎಸ್ 710 ಅಚ್ಚು ಇರುವ ಪ್ಲೈವುಡ್. ಮೆರೈನ್ ಪ್ಲೈಗೆ ಇರುವ ಭಾರತೀಯ ಮಾನಕದ ಗುರುತು ಅದು. ಈ ಗುರುತಿನ ಪ್ಲೈ ಅಂಟನ್ನು 72 ಗಂಟೆ ಕುದಿಸಿ ಪರೀಕ್ಷಿಸುತ್ತಾರೆ. ಕಮರ್ಷಿಯಲ್ ಅಥವಾ ಎಂಆರ್ (ತೇವ ಮಾತ್ರ ತಡೆಯುವ ದರ್ಜೆ) ಅಂತ ಮಾರುವ ಪ್ಲೈ ಸಿಂಕ್ ಹತ್ತಿರ ಬೇಡವೇ ಬೇಡ. ಅಚ್ಚನ್ನು ಹಾಳೆ ಕತ್ತರಿಸುವ ಮೊದಲೇ ನೋಡಿಕೊಳ್ಳಿ, ಲ್ಯಾಮಿನೇಟ್ ಅಂಟಿಸಿದ ಮೇಲೆ ಏನೂ ಕಾಣಲ್ಲ. ಅಂಚು ಮುಚ್ಚುವ ಪಟ್ಟಿ, ಅಂದರೆ ಎಡ್ಜ್ ಬ್ಯಾಂಡ್, ಕಣ್ಣಿಗೆ ಕಾಣದ ಅಂಚಿಗೂ ಹಾಕಿಸಿದೆವು. ಹಿಂಜಸ್ ಸುಲಭಕ್ಕೆ ತುಕ್ಕು ಹಿಡಿಯದ 304 ಸ್ಟೀಲ್. ಗೋಡೆಗೂ ಬಾಕ್ಸಿಗೂ ನಡುವೆ ಗಾಳಿ ಆಡಲು ಸ್ವಲ್ಪ ಜಾಗ. ಬಾಗಿಲಿಗೆ ಕೆನೆ ಬಣ್ಣದ ಮ್ಯಾಟ್ ಲ್ಯಾಮಿನೇಟ್. ಕಟ್ಟೆಗೆ ಕ್ವಾರ್ಟ್ಜ್ ತೋರಿಸಿದರು. ಅದು ಕಲ್ಲಿನ ಪುಡಿಯನ್ನು ರೆಸಿನ್ ಎಂಬ ಪ್ಲಾಸ್ಟಿಕ್ ಜಾತಿಯ ಅಂಟಿನಲ್ಲಿ ಕೂಡಿಸಿ ಮಾಡಿದ ಹಾಸು, ಹಾಗಾಗಿ ಬಿಸಿ ಪಾತ್ರೆ ನೇರ ಇಟ್ಟರೆ ಸುಟ್ಟ ಗುರುತು ಬೀಳಬಹುದು. ಕಪ್ಪು ಗ್ರಾನೈಟ್ ಹಾಕಿಸಿದೆವು.

ಈ ಸಲ ದುಡ್ಡು ಕೊಡುವ ಮೊದಲು ಬಡಗಿಯ ಹತ್ತಿರ ಪ್ಲೈ ತುಂಡೊಂದು ಕೇಳಿ ತಂದೆ. ಅದನ್ನೂ ಹಳೆ ಬಾಗಿಲಿನ ಚೂರನ್ನೂ ಒಂದೇ ಬಕೆಟ್ ನೀರಿಗೆ ಹಾಕಿದೆ. ಮಾರನೇ ದಿನ ಹಳೆಯದು ಉಬ್ಬಿ, ಉಗುರಲ್ಲಿ ಕೆರೆದರೆ ಉದುರುತ್ತಿತ್ತು. ಪ್ಲೈ ತುಂಡು ಮೂರನೇ ದಿನವೂ ಹಾಕಿದ ಹಾಗೇ ಇತ್ತು. ಅದನ್ನು ಅಮ್ಮನ ಕೈಗೆ ಕೊಟ್ಟೆ. ತಿರುಗಿಸಿ ನೋಡಿ, ಇದನ್ನೇ ಹಾಕಿಸು ಅಂದರು.